ನ್ಯೂಟ್ರಿನೊ: ಇಟಾಲಿಯನ್ ವ್ಯಾಕರಣದೊಳಗೆ ಹುಟ್ಟಿದ ಕಣದ ಹೆಸರು

ಎಲೆಕ್ಟ್ರಾನ್, ಪ್ರೋಟಾನ್, ನ್ಯೂಟ್ರಾನ್, ಫೋಟಾನ್ ಎಂಬ ಹೆಸರುಗಳನ್ನು ಒಂದರ ಹಿಂದೊಂದು ಹೇಳಿ, ಕೊನೆಗೆ ನ್ಯೂಟ್ರಿನೊ ಎಂದು ಸೇರಿಸಿ ನೋಡಿದರೆ, ಈ ಕೊನೆಯ ಪದದ ಬಾಲ ಬೇರೆ ಜಾತಿಯದೆಂದು ಭೌತವಿಜ್ಞಾನ ಓದದವರ ಕಿವಿಗೂ ತಿಳಿಯುತ್ತದೆ. ಮೊದಲ ನಾಲ್ಕು ಪದಗಳು ಗ್ರೀಕ್ ಅಚ್ಚಿನಲ್ಲಿ ಎರಕ ಹೊಯ್ದವು. ಐದನೆಯದು 1930ರ ದಶಕದ ಆರಂಭದಲ್ಲಿ ರೋಮ್ ನಗರದಲ್ಲಿ, ಗೆಳೆಯರ ಮಾತುಕತೆಯ ನಡುವೆ ಹುಟ್ಟಿದ ಇಟಾಲಿಯನ್ ಪದ. ಅದರ ಅರ್ಥವನ್ನು ಸಾಮಾನ್ಯವಾಗಿ 'ಸಣ್ಣ ತಟಸ್ಥ ಕಣ' ಎಂದು ಹೇಳಿ ಮುಗಿಸುತ್ತಾರೆ. ಅದು ತಪ್ಪಲ್ಲ, ಆದರೆ ಅರ್ಧ ಮಾತ್ರ. ಹೋಲಿಸಲು ದೊಡ್ಡದೊಂದು ಎದುರಿಗಿಲ್ಲದಿದ್ದರೆ ಸಣ್ಣದೆಂದು ಕರೆಯುವ ಅಗತ್ಯವೇ ಬರುವುದಿಲ್ಲ. ಆ ದೊಡ್ಡದು ಯಾವುದು, ಇಟಾಲಿಯನ್ ಕಿವಿಗೆ ಅದು ದೊಡ್ಡದಾಗಿ ಕೇಳಿಸಿದ್ದು ಏಕೆ ಎಂಬುದು ತಿಳಿದಾಗಲೇ ಈ ಪದ ಪೂರ್ತಿ ಬಿಡಿಸಿಕೊಳ್ಳುತ್ತದೆ.

ಕನ್ನಡದಲ್ಲಿ ಒಂದೇ ವಸ್ತುವಿನ ಹಿರಿದು ಕಿರಿದನ್ನು ಹೇಳಲು ಪದದ ಮುಂದೆ ಗುರುತು ಹಚ್ಚುತ್ತೇವೆ. ಬೆರಳಿಗೆ 'ಹಿರಿದು' ಸೇರಿದರೆ ಹೆಬ್ಬೆರಳು, 'ಕಿರಿದು' ಸೇರಿದರೆ ಕಿರುಬೆರಳು. ಹೆದ್ದಾರಿ, ಹೆಮ್ಮರ, ಹೆಬ್ಬಾಗಿಲು ಒಂದು ಕಡೆಗಾದರೆ ಕಿರುನಗೆ, ಕಿರುಗೆಜ್ಜೆ, ಕಿರುದಾರಿ ಇನ್ನೊಂದು ಕಡೆಗೆ. ಇಟಾಲಿಯನ್ ಭಾಷೆ ಇದೇ ಕೆಲಸವನ್ನು ಪದದ ಕೊನೆಯಲ್ಲಿ ಮಾಡುತ್ತದೆ. ಅಲ್ಲಿ 'ಓನೆ' ಎಂಬುದು ಹಿಗ್ಗಿಸುವ ಪ್ರತ್ಯಯ, 'ಈನೊ' ಎಂಬುದು ಕುಗ್ಗಿಸುವ ಪ್ರತ್ಯಯ. ಗಾತ್ತೊ ಎಂದರೆ ಬೆಕ್ಕು. ಗತ್ತೋನೆ ಎಂದರೆ ದೊಡ್ಡ ಬೆಕ್ಕು, ಗತ್ತೀನೊ ಎಂದರೆ ಬೆಕ್ಕಿನ ಮರಿ. ನಾಸೊ ಎಂದರೆ ಮೂಗು, ನಮ್ಮ ನಾಸಿಕಕ್ಕೆ ದೂರದ ನೆಂಟ. ನಾಸೋನೆ ಎಂದರೆ ದೊಡ್ಡ ಮೂಗು, ನಾಸೀನೊ ಎಂದರೆ ಪುಟ್ಟ ಮೂಗು. ಈ 'ಓನೆ' ಲ್ಯಾಟಿನ್ ಭಾಷೆಯಿಂದ ಬಂದ ಆಸ್ತಿ. ಪ್ರಾಚೀನ ರೋಮ್‌ನ ಕವಿ ಓವಿಡ್‌ನ ಮನೆತನದ ಹೆಸರು 'ನಾಸೋ' ಎಂದಿತ್ತು. ದೊಡ್ಡ ಮೂಗಿನವನು ಎಂಬುದು ಅದರ ಮೂಲ ಅರ್ಥ.

ಈ ಎರಡು ಪ್ರತ್ಯಯಗಳು ನಮಗೆ ಅಪರಿಚಿತವೆಂದು ತಿಳಿಯಬೇಕಿಲ್ಲ, ಏಕೆಂದರೆ ಫ್ರೆಂಚ್ ಮತ್ತು ಇಂಗ್ಲಿಷ್ ಮೂಲಕ ಬಂದ ಹಲವು ಪದಗಳಲ್ಲಿ ಅವು ನಮ್ಮ ದಿನನಿತ್ಯದ ಮಾತಿನಲ್ಲಿ ಸೇರಿಹೋಗಿವೆ. ಕೂದಲು ಕತ್ತರಿಸಿಕೊಳ್ಳಲು ಹೋಗುವ ಸಲೂನ್‌ನ ಹಿಂದೆ ಇರುವುದು ಸಾಲಾ, ಅಂದರೆ ಹಜಾರ, ಅದರಿಂದಾದ ಸಲೋನೆ, ಅಂದರೆ ದೊಡ್ಡ ಹಜಾರ. ಪಾಲ್ಲಾ ಎಂದರೆ ಚೆಂಡು; ದೊಡ್ಡ ಚೆಂಡಾದ ಪಲ್ಲೋನೆಯೇ ಬಲೂನ್‌ನ ಮೂಲ. ಕಾರ್ತಾ ಎಂದರೆ ಕಾಗದ. ದಪ್ಪನೆಯ ದೊಡ್ಡ ಕಾಗದ ಕರ್ತೋನೆ. ಅದರ ಮೇಲೆ ಚಿತ್ರಕಾರರು ಬರೆದುಕೊಳ್ಳುತ್ತಿದ್ದ ಪೂರ್ವರೂಪದ ಹೆಸರೇ ಕಾಲಾಂತರದಲ್ಲಿ ಪತ್ರಿಕೆಯ ಕಾರ್ಟೂನ್ ಆಯಿತು. ಮಿಲ್ಲೆ ಎಂದರೆ ಸಾವಿರ. ಹತ್ತು ಲಕ್ಷವನ್ನು ಸೂಚಿಸುವ ಮಿಲಿಯನ್ ಎಂಬುದು 'ಹಿರಿಯ ಸಾವಿರ', ಮಿಲ್ಲಿಯೋನೆ. ಕುಗ್ಗಿಸುವ ಪ್ರತ್ಯಯಕ್ಕೆ ಉದಾಹರಣೆ ಬೇಕಿದ್ದರೆ ಕಾಸಾ, ಅಂದರೆ ಮನೆ, ಅದರಿಂದ ಹುಟ್ಟಿದ ಕಸೀನೊ, ಅಂದರೆ ಪುಟ್ಟ ಮನೆ.

ಎರಡೂ ಪ್ರತ್ಯಯಗಳು ಅಕ್ಕಪಕ್ಕದಲ್ಲಿ ಕೆಲಸ ಮಾಡುವುದನ್ನು ಕಾಣಲು ತಂತಿವಾದ್ಯಗಳ ಕುಟುಂಬಕ್ಕಿಂತ ಒಳ್ಳೆಯ ಜಾಗವಿಲ್ಲ. ಮೂಲವಾದ್ಯ ವಿಯೋಲಾ. ಅದರ ಕಿರಿದು ರೂಪ ವಿಯೋಲೀನೊ, ಅಂದರೆ ನಮ್ಮ ಕಚೇರಿಗಳಲ್ಲಿ ಗಾಯಕರ ಪಕ್ಕದಲ್ಲಿ ಕೂತು ನುಡಿಯುವ ಪಿಟೀಲು, ವಯಲಿನ್. ಹಿರಿದು ರೂಪ ವಿಯೋಲೋನೆ, ಮಂದ್ರ ಸ್ವರಗಳ ಭಾರಿ ವಾದ್ಯ. ಆ ವಿಯೋಲೋನೆಗಿಂತ ಸ್ವಲ್ಪ ಚಿಕ್ಕದೊಂದು ವಾದ್ಯ ಬಂದಾಗ ಇಟಾಲಿಯನ್ನರು ಮತ್ತೊಂದು ಕುಗ್ಗಿಸುವ ಪ್ರತ್ಯಯವನ್ನು ಅದಕ್ಕೆ ಜೋಡಿಸಿ ವಿಯೋಲೊಂಚೆಲ್ಲೊ ಎಂದರು. ಅಕ್ಷರಶಃ 'ಹಿರಿವಿಯೋಲಾದ ಕಿರಿದು'. ಇಂದು ಅದರ ತಲೆ ಕಳಚಿ, ಪ್ರತ್ಯಯ ಮಾತ್ರ ಉಳಿದು, ಚೆಲ್ಲೊ ಎಂದೇ ವಾದ್ಯದ ಹೆಸರಾಗಿದೆ. ಪ್ರತ್ಯಯಗಳನ್ನು ಇಷ್ಟು ಸಲೀಸಾಗಿ ಆಡಿಸುವ ಭಾಷೆಯಲ್ಲಿ ಬೆಳೆದವರಿಗೆ 'ಓನೆ' ಎಂದು ಮುಗಿಯುವ ಹೊಸ ಪದವೊಂದು ಕಿವಿಗೆ ಬಿದ್ದರೆ, ಕೂಡಲೇ 'ಈನೊ' ಎಂದು ಮುಗಿಯುವ ಅದರ ಜೋಡಿ ನಾಲಗೆಯ ತುದಿಗೆ ಬರುವುದು ಸಹಜ. ನ್ಯೂಟ್ರಿನೊ ವಿಷಯದಲ್ಲಿ ನಡೆದದ್ದು ಅದೇ.

ಆದರೆ ಕಣಗಳ ಹೆಸರಿನ ಕೊನೆಯಲ್ಲಿರುವ 'ಆನ್' ಲ್ಯಾಟಿನ್‌ನ ಆ ಹಿಗ್ಗಿಸುವ ಪ್ರತ್ಯಯವಲ್ಲ. ಅದು ಗ್ರೀಕ್ ಭಾಷೆಯ ನಪುಂಸಕಲಿಂಗದ ಪ್ರತ್ಯಯ. 1834ರಲ್ಲಿ ಮೈಕೆಲ್ ಫ್ಯಾರಡೆ 'ಹೋಗುವಂಥದ್ದು' ಎಂಬರ್ಥದ ಗ್ರೀಕ್ ಪದವನ್ನು ಎತ್ತಿಕೊಂಡು ಅಯಾನ್ ಎಂದರು. 1891ರಲ್ಲಿ ಜಾರ್ಜ್ ಜಾನ್‌ಸ್ಟನ್ ಸ್ಟೋನಿ ವಿದ್ಯುತ್ತಿನ ಮೂಲಮಾನಕ್ಕೆ ಎಲೆಕ್ಟ್ರಾನ್ ಎಂದು ಹೆಸರಿಟ್ಟರು. ಗ್ರೀಕ್‌ನಲ್ಲಿ ಆ ಪದಕ್ಕೆ ತೃಣಮಣಿ ಎಂದು ಅರ್ಥ. 1920ರಲ್ಲಿ ಅರ್ನೆಸ್ಟ್ ರುದರ್‌ಫರ್ಡ್ 'ಮೊದಲನೆಯದು' ಎಂಬರ್ಥದಲ್ಲಿ ಪ್ರೋಟಾನ್ ಎಂದರು. ಹೀಗೆ 'ಆನ್' ಕಣಗಳಿಗೆ ಮೀಸಲಾದ ಬಾಲವಾಯಿತು. ನ್ಯೂಟ್ರಾನ್ ಪದದ ತಲೆ ಮಾತ್ರ ಲ್ಯಾಟಿನ್‌ನದು: ನೆ ಎಂದರೆ ಅಲ್ಲ, ಉತೆರ್ ಎಂದರೆ ಎರಡರಲ್ಲಿ ಒಂದು, ಕೂಡಿದರೆ ನ್ಯೂಟರ್, 'ಎರಡರಲ್ಲಿ ಯಾವುದೂ ಅಲ್ಲ'. ಇಲ್ಲಿ ಎರಡು ಎಂದರೆ ಧನ ಮತ್ತು ಋಣ ವಿದ್ಯುದಾವೇಶ. ಇದೇ ನ್ಯೂಟರ್ ಪಾಶ್ಚಾತ್ಯ ವ್ಯಾಕರಣದಲ್ಲಿ ನಪುಂಸಕಲಿಂಗಕ್ಕೂ ಹೆಸರು. ಹಾಗಾಗಿ ನ್ಯೂಟ್ರಾನ್ ಎಂಬುದು ನಪುಂಸಕ ಎಂಬ ಪದಕ್ಕೇ ನಪುಂಸಕಲಿಂಗದ ಪ್ರತ್ಯಯ ಹತ್ತಿದ ರೂಪ.

ಇಟಾಲಿಯನ್ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಬಸ್, ಕಾರ್ ಎಂಬ ಪದಗಳಿಗೆ ನಾವು ಉಕಾರ ಸೇರಿಸಿ ಬಸ್ಸು, ಕಾರು ಎಂದುಕೊಂಡಂತೆ ಅವರೂ ಈ ಹೆಸರುಗಳನ್ನು ತಮ್ಮ ಭಾಷೆಗೆ ಒಗ್ಗಿಸಿ ಎಲೆತ್ರೋನೆ, ಪ್ರೊತೋನೆ, ನೆಉತ್ರೋನೆ ಎಂದರು. ಗ್ರೀಕ್‌ನ 'ಆನ್' ಹೀಗೆ, ಯಾರ ಉದ್ದೇಶವೂ ಇಲ್ಲದೆ, ನೋಡಲು ಕೇಳಲು ಹಿಗ್ಗಿಸುವ ಪ್ರತ್ಯಯದಂತೆಯೇ ಆಯಿತು. ಪ್ರೊತೋನೆ ಎಂದಾಗ ಯಾರಿಗೂ ದೊಡ್ಡದೇನೂ ಹೊಳೆಯುವುದಿಲ್ಲ, ಏಕೆಂದರೆ 'ಪ್ರೊತೊ' ಎಂಬುದು ಆ ಭಾಷೆಯಲ್ಲಿ ಸ್ವತಂತ್ರವಾಗಿ ಓಡಾಡುವ ಪದವಲ್ಲ. ಆದರೆ 'ನೆಉತ್ರೊ' ಹಾಗಲ್ಲ. ತಟಸ್ಥ ಎಂಬರ್ಥದ ಆ ಗುಣವಾಚಕವನ್ನು ಎಲ್ಲರೂ ಬಲ್ಲರು. ನೆಉತ್ರೊ ಜೊತೆಗೆ ಓನೆ ಸೇರಿದರೆ ನೆಉತ್ರೋನೆ, 'ದೊಡ್ಡ ತಟಸ್ಥ'. ವ್ಯುತ್ಪತ್ತಿಯ ದೃಷ್ಟಿಯಿಂದ ಇದು ತಪ್ಪು ಬಿಡಿಸುವಿಕೆ. ಆದರೂ ಭಾಷೆಗಳು ಇಂಥ ತಪ್ಪುಗಳಿಂದಲೇ ಬೆಳೆಯುವುದುಂಟು. ಹೆಲಿಕಾಪ್ಟರ್ ಎಂಬ ಪದ ನಿಜಕ್ಕೂ ಸುರುಳಿ ಎಂಬರ್ಥದ 'ಹೆಲಿಕೊ' ಮತ್ತು ರೆಕ್ಕೆ ಎಂಬರ್ಥದ 'ಪ್ಟೆರಾನ್' ಕೂಡಿ ಆದದ್ದು. ಜನ ಅದನ್ನು ಹೆಲಿ, ಕಾಪ್ಟರ್ ಎಂದು ತಪ್ಪು ಜಾಗದಲ್ಲಿ ಮುರಿದುಕೊಂಡರು; ಆ ಮುರಿದ ತುಂಡಿನಿಂದಲೇ ಹೆಲಿಪ್ಯಾಡ್ ಎಂಬ, ಈಗ ಯಾರೂ ಅನುಮಾನಿಸದ ಪದ ಹುಟ್ಟಿತು.

ಇನ್ನು ಒಂದೇ ಹೆಸರಿಗೆ ಎರಡು ಕಣಗಳು ಹಕ್ಕುದಾರರಾದ ಸಂದರ್ಭವನ್ನು ನೋಡಬೇಕು. ಕೆಲವು ವಿಕಿರಣಶೀಲ ಪರಮಾಣುಗಳ ನ್ಯೂಕ್ಲಿಯಸ್ ಎಲೆಕ್ಟ್ರಾನೊಂದನ್ನು ಹೊರಗೆಸೆಯುತ್ತದೆ. ಅದನ್ನು ಬೀಟಾ ಕ್ಷಯ ಎನ್ನುತ್ತಾರೆ. ಒಂದೇ ಬಗೆಯ ನ್ಯೂಕ್ಲಿಯಸ್ ಒಂದೇ ಬಗೆಯಲ್ಲಿ ಮಾರ್ಪಡುವಾಗ ಹೊರಬರುವ ಎಲೆಕ್ಟ್ರಾನ್‌ಗಳ ಶಕ್ತಿಯೂ ಪ್ರತಿಸಲ ಒಂದೇ ಆಗಿರಬೇಕಿತ್ತು. ಹಾಗಿರುವುದಿಲ್ಲ ಎಂದು 1914ರಲ್ಲಿ ಜೇಮ್ಸ್ ಚಾಡ್‌ವಿಕ್ ತೋರಿಸಿದರು. ರೇಡಿಯಂ-ಇ ಎಂದು ಆಗ ಕರೆಯುತ್ತಿದ್ದ ಬಿಸ್ಮತ್‌ನ ಪರಮಾಣುಗಳಿಂದ ಹೊರಡುವ ಎಲೆಕ್ಟ್ರಾನ್‌ಗಳ ಗರಿಷ್ಠ ಶಕ್ತಿ ಸುಮಾರು 10.5 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣಗಳ ಶಕ್ತಿಯನ್ನೂ ದ್ರವ್ಯರಾಶಿಯನ್ನೂ ಹೇಳಲು ಬಳಸುವ ಪುಟ್ಟ ಮಾನ). 1927ರಲ್ಲಿ ಎಲ್ಲಿಸ್ ಮತ್ತು ವೂಸ್ಟರ್ ಅದರಿಂದ ಹೊಮ್ಮುವ ಶಾಖವನ್ನೇ ಅಳೆದು ನೋಡಿದಾಗ ಪ್ರತಿ ಕ್ಷಯಕ್ಕೆ ಸರಾಸರಿ ಸಿಕ್ಕಿದ್ದು ಸುಮಾರು 3.5 ಲಕ್ಷ ಮಾತ್ರ. ಉಳಿದದ್ದು ಎಲ್ಲಿ ಹೋಯಿತು? ಶಕ್ತಿ ಸಂರಕ್ಷಣೆಯ ನಿಯಮವೇ ನ್ಯೂಕ್ಲಿಯಸ್‌ನೊಳಗೆ ಸಡಿಲವಾಗಬಹುದೆಂದು ಯೋಚಿಸುವ ಮಟ್ಟಕ್ಕೆ ನೀಲ್ಸ್ ಬೋರ್ ಅವರಂಥವರು ಹೋಗಿದ್ದರು.

ಆಗ ಜ್ಯೂರಿಕ್‌ನಲ್ಲಿದ್ದ ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿ, 1930ರ ಡಿಸೆಂಬರ್ 4ರಂದು, ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಸೇರಲಿದ್ದ ವಿಕಿರಣಶೀಲತೆಯ ತಜ್ಞರಿಗೆ ಒಂದು ಪತ್ರ ಬರೆದರು. 'ಪ್ರಿಯ ವಿಕಿರಣಶೀಲ ಮಹಿಳೆಯರೇ, ಮಹನೀಯರೇ' ಎಂದು ಶುರುವಾಗುವ ಆ ಪತ್ರದಲ್ಲಿ, ಎಲೆಕ್ಟ್ರಾನಿನ ಜೊತೆಗೆ ಆವೇಶವಿಲ್ಲದ, ಬಹಳ ಹಗುರವಾದ ಇನ್ನೊಂದು ಕಣವೂ ಹೊರಬೀಳುತ್ತಿರಬಹುದು, ಕಾಣದಾದ ಶಕ್ತಿಯನ್ನು ಅದೇ ಒಯ್ಯುತ್ತಿರಬಹುದು ಎಂದು ಸೂಚಿಸಿದರು. ಅದರ ದ್ರವ್ಯರಾಶಿ ಪ್ರೋಟಾನಿನ ನೂರರಲ್ಲೊಂದು ಪಾಲನ್ನು ಮೀರಲಾರದೆಂಬುದು ಅವರ ಅಂದಾಜು. ಜ್ಯೂರಿಕ್‌ನಲ್ಲಿ ನಡೆಯಲಿದ್ದ ನೃತ್ಯಕೂಟವೊಂದಕ್ಕಾಗಿ ತಾವು ಅಲ್ಲಿಯೇ ಉಳಿಯಬೇಕಾಗಿದೆ, ಖುದ್ದಾಗಿ ಬರಲಾರೆ ಎಂದೂ ಬರೆದರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇಷ್ಟು: ಪೌಲಿ ತಮ್ಮ ಕಣಕ್ಕೆ ಇಟ್ಟ ಹೆಸರು ನ್ಯೂಟ್ರಾನ್.

1932ರ ಫೆಬ್ರವರಿಯಲ್ಲಿ, ಕೇಂಬ್ರಿಜ್‌ನಲ್ಲಿದ್ದ ಅದೇ ಚಾಡ್‌ವಿಕ್ ಬೇರೊಂದು ತಟಸ್ಥ ಕಣದ ಇರವನ್ನು ಪ್ರಕಟಿಸಿದರು. ಅದು ಹೆಚ್ಚುಕಡಿಮೆ ಪ್ರೋಟಾನಿನಷ್ಟೇ ಭಾರ. ಅಂಥದ್ದೊಂದು ಇರಬೇಕೆಂದು ರುದರ್‌ಫರ್ಡ್ 1920ರಲ್ಲಿಯೇ ಹೇಳಿದ್ದರು. ಚಾಡ್‌ವಿಕ್ ಅದನ್ನೂ ನ್ಯೂಟ್ರಾನ್ ಎಂದೇ ಕರೆದರು. ಪೌಲಿಯ ನ್ಯೂಟ್ರಾನ್ ಇನ್ನೂ ಪತ್ರದ ಮೇಲಿನ ಊಹೆ. ಚಾಡ್‌ವಿಕ್‌ರ ನ್ಯೂಟ್ರಾನ್ ಪ್ರಯೋಗಶಾಲೆಯಲ್ಲಿ ಸಿಕ್ಕ ವಸ್ತು. ಹೆಸರು ವಸ್ತುವಿನ ಪಾಲಾಯಿತು.

ರೋಮ್‌ನ ಪಾನಿಸ್ಪೆರ್ನಾ ಬೀದಿಯಲ್ಲಿದ್ದ ಭೌತವಿಜ್ಞಾನ ಸಂಸ್ಥೆಯಲ್ಲಿ ಆಗ ಎನ್ರಿಕೊ ಫರ್ಮಿಯ ಸುತ್ತ ಕಿರಿಯರ ಒಂದು ಗುಂಪು ಬೆಳೆದಿತ್ತು. ಫರ್ಮಿಗೇ ಆಗ ಮೂವತ್ತರ ಆಸುಪಾಸು. ಒಬ್ಬರಿಗೊಬ್ಬರು ಅಡ್ಡಹೆಸರು ಇಡುವುದು ಆ ಗುಂಪಿನ ವಾಡಿಕೆ. ಎಂದೂ ತಪ್ಪದವನೆಂಬ ಅರ್ಥದಲ್ಲಿ ಫರ್ಮಿಗೆ 'ಪೋಪ್' ಎಂದೂ, ಅವರೆಲ್ಲರಿಗೂ ಆಸರೆಯಾಗಿದ್ದ ನಿರ್ದೇಶಕ ಕೊರ್ಬೀನೊ ಅವರಿಗೆ 'ಜಗತ್ಪಿತ' ಎಂದೂ ಹೆಸರಿತ್ತು. ಒಂದು ದಿನ ಫರ್ಮಿ ಪೌಲಿಯ 'ಹಗುರ ನ್ಯೂಟ್ರಾನ್' ಬಗ್ಗೆ ವಿವರಿಸುತ್ತಿದ್ದಾಗ, ಇದು ಚಾಡ್‌ವಿಕ್‌ರ ನ್ಯೂಟ್ರಾನೇ ಬೇರೆಯೇ ಎಂಬ ಗೊಂದಲ ಎದ್ದಿತು. ಆಗ ಗುಂಪಿನ ಅತಿ ಕಿರಿಯರಲ್ಲೊಬ್ಬರಾದ ಎದೊವಾರ್ದೊ ಅಮಾಲ್ದಿ ತಮಾಷೆಗೆಂದು ನೆಉತ್ರೀನೊ ಎಂದರು. ಚಾಡ್‌ವಿಕ್‌ರದು ದೊಡ್ಡ ತಟಸ್ಥ, ಪೌಲಿಯದು ಪುಟ್ಟ ತಟಸ್ಥ. ಇಟಾಲಿಯನ್ ಬಲ್ಲವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿರಲಿಲ್ಲ.

ಈ ಪದ ರಚನೆಯ ದೃಷ್ಟಿಯಿಂದ ಸರಿಯಾದದ್ದಲ್ಲವೆಂದು ಅಮಾಲ್ದಿಯವರೇ ಮುಂದೆ ಬರೆದರು. 'ಪುಟ್ಟ ನ್ಯೂಟ್ರಾನ್' ಎನ್ನಬೇಕಿದ್ದರೆ ಇಟಾಲಿಯನ್‌ನಲ್ಲಿ ನೆಉತ್ರೊನೀನೊ ಎನ್ನಬೇಕು. ನೆಉತ್ರೀನೊ ಅದರ ಸಂಕ್ಷಿಪ್ತ ರೂಪ, ವ್ಯಾಕರಣಕ್ಕೆ ಒಪ್ಪದ ಸಂಕ್ಷೇಪ ಎಂಬುದು ಅವರ ಮಾತು. ಇಲ್ಲಿ ನನಗೆ ಪದದ ಪರವಾಗಿ ಒಂದು ಮಾತು ಹೇಳಬೇಕೆನಿಸುತ್ತದೆ. ನೆಉತ್ರೊನೀನೊ ಎಂದಿದ್ದರೆ ಅದು ನ್ಯೂಟ್ರಾನಿನ ಮರಿ ಎಂದಾಗುತ್ತಿತ್ತು, ಅಂದರೆ ಮೂಲದಲ್ಲಿ ನ್ಯೂಟ್ರಾನೇ ಆದ ಸಣ್ಣ ವಸ್ತು. ನೆಉತ್ರೀನೊ ಎಂದಾಗ ಪ್ರತ್ಯಯ ಹತ್ತುವುದು ನ್ಯೂಟ್ರಾನಿಗಲ್ಲ, 'ತಟಸ್ಥ' ಎಂಬ ಗುಣಕ್ಕೆ. ಎರಡು ಕಣಗಳ ನಡುವೆ ಸಾಮಾನ್ಯವಾಗಿದ್ದದ್ದು ಆ ಗುಣ ತಾನೇ? ಗುಣವನ್ನು ಉಳಿಸಿಕೊಂಡು, ಹಿರಿದನ್ನು ಕಿತ್ತು ಕಿರಿದನ್ನು ಅಲ್ಲಿ ಕೂರಿಸಿದ್ದರಿಂದ ಹೆಸರು ಚಿಕ್ಕದಾಯಿತು, ಭೌತವಿಜ್ಞಾನಕ್ಕೂ ಹೆಚ್ಚು ನಿಷ್ಠವಾಯಿತು. ವ್ಯಾಕರಣ ತಪ್ಪಿದ ಜಾಗದಲ್ಲಿ ಪದ ವಸ್ತುವಿಗೆ ಹತ್ತಿರವಾಯಿತೆಂದೇ ನನ್ನ ಎಣಿಕೆ.

ಹಾಸ್ಯದ ಹೆಸರುಗಳು ಸಾಮಾನ್ಯವಾಗಿ ಹುಟ್ಟಿದ ಕೋಣೆಯಲ್ಲೇ ಸಾಯುತ್ತವೆ. ಇದು ಉಳಿದದ್ದು ಫರ್ಮಿ ಅದನ್ನು ಗಂಭೀರವಾಗಿ ಬಳಸಿದ್ದರಿಂದ. 1933ರ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನ ಸಾಲ್ವೆ ಸಮ್ಮೇಳನದಲ್ಲಿ ಸ್ವತಃ ಪೌಲಿ ತಮ್ಮ ಕಣವನ್ನು ಈ ಹೊಸ ಹೆಸರಿನಿಂದ ಕರೆದರು. ಅದೇ ವರ್ಷದ ಕೊನೆಯಲ್ಲಿ ಫರ್ಮಿ ಬೀಟಾ ಕ್ಷಯದ ಸಿದ್ಧಾಂತವನ್ನು ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿದರು. ಅದರ ಶೀರ್ಷಿಕೆ 'ತೆಂತಾತೀವೊ' ಎಂಬ ಪದದಿಂದ, ಅಂದರೆ 'ಒಂದು ಯತ್ನ' ಎಂಬ ಸಂಕೋಚದ ಮಾತಿನಿಂದ, ಶುರುವಾಗುತ್ತದೆ. 1934ರಲ್ಲಿ ಅದು ಜರ್ಮನ್ ಭಾಷೆಯಲ್ಲೂ ಬಂದಾಗ ನ್ಯೂಟ್ರಿನೊ ಅನುವಾದವಾಗದೆ ಹಾಗೆಯೇ ದಾಟಿತು. ಗಮನಿಸಬೇಕಾದದ್ದೆಂದರೆ, ಗಡಿ ದಾಟಿದ ಕ್ಷಣದಲ್ಲೇ ಪದ ತನ್ನ ಜೋಡಿಯನ್ನು ಕಳೆದುಕೊಂಡಿತು. ಜರ್ಮನ್ ಅಥವಾ ಇಂಗ್ಲಿಷ್‌ನ ನ್ಯೂಟ್ರಾನ್‌ನಲ್ಲಿ ಹಿರಿದೆಂಬ ಸದ್ದಿಲ್ಲ. ಅಲ್ಲಿಯವರಿಗೆ ನ್ಯೂಟ್ರಿನೊ ಎಂಬುದು ವಿದೇಶಿ ಬಾಲವಿರುವ ಒಂಟಿ ಪದ.

ಹೆಸರು ಸಿಕ್ಕ ಮೇಲೆ ಕಣ ಸಿಗಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. 1956ರಲ್ಲಿ ಅಮೆರಿಕದ ಸೌತ್ ಕ್ಯಾರೊಲೈನಾದ ಸವಾನಾ ರಿವರ್ ಪರಮಾಣು ರಿಯಾಕ್ಟರ್ ಬಳಿ ಫ್ರೆಡ್ರಿಕ್ ರೈನ್ಸ್ ಮತ್ತು ಕ್ಲೈಡ್ ಕೋವನ್ ಅದನ್ನು ಪತ್ತೆಹಚ್ಚಿ ಪೌಲಿಗೆ ತಂತಿ ಕಳುಹಿಸಿದರು. ಇಂದಿನ ಪರಿಭಾಷೆಯಂತೆ ಅವರು ಹಿಡಿದದ್ದು ಆಂಟಿನ್ಯೂಟ್ರಿನೊ, ಅಂದರೆ ನ್ಯೂಟ್ರಿನೊದ ಪ್ರತಿಕಣ; ಪೌಲಿ ಊಹಿಸಿದ್ದೂ ಅದನ್ನೇ. ಆ ಪದವನ್ನು ಬಿಡಿಸಿದರೆ 'ಆಂಟಿ' ಗ್ರೀಕ್, 'ನ್ಯೂಟ್ರ' ಲ್ಯಾಟಿನ್, 'ಇನೊ' ಇಟಾಲಿಯನ್: ಮೂರು ಭಾಷೆಗಳ ಮೂರು ತುಂಡು ಒಂದೇ ದಾರದಲ್ಲಿ. 'ಪುಟ್ಟದು' ಎಂಬ ಮಾತಾದರೂ ಎಷ್ಟು ನಿಜವಾಯಿತೆಂದರೆ ಅಮಾಲ್ದಿಯವರೂ ಅಷ್ಟನ್ನು ನಿರೀಕ್ಷಿಸಿರಲಾರರು. ನ್ಯೂಟ್ರಾನಿನ ದ್ರವ್ಯರಾಶಿ ಸುಮಾರು 94 ಕೋಟಿ ಎಲೆಕ್ಟ್ರಾನ್ ವೋಲ್ಟ್‌ಗೆ ಸಮ, ಎಲೆಕ್ಟ್ರಾನಿನದು 5.11 ಲಕ್ಷಕ್ಕೆ ಸಮ. ನ್ಯೂಟ್ರಿನೊದ್ದು ಒಂದು ಎಲೆಕ್ಟ್ರಾನ್ ವೋಲ್ಟ್‌ಗಿಂತಲೂ ಕಡಿಮೆಯೆಂದು ಇತ್ತೀಚಿನ ಅಳತೆಗಳು ಹೇಳುತ್ತವೆ. ಗಾತ್ರದಲ್ಲಿ ಕಿರಿದಾದರೂ ಸಂಖ್ಯೆಯಲ್ಲಿ ಹಾಗಲ್ಲ. ಸೂರ್ಯನಿಂದ ಹೊರಟ ನ್ಯೂಟ್ರಿನೊಗಳು ನಮ್ಮ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೂಲಕ ಪ್ರತಿ ಸೆಕೆಂಡಿಗೆ ಸುಮಾರು 6,500 ಕೋಟಿಯಷ್ಟು ಹಾದುಹೋಗುತ್ತವೆ.

ಪ್ರತ್ಯಯದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 1930ರ ದಶಕದ ಕೊನೆಯಲ್ಲಿ ವಿಶ್ವಕಿರಣಗಳಲ್ಲಿ ಇನ್ನೊಂದು ತಟಸ್ಥ ಕಣವಿರಬಹುದೆಂಬ ಅನುಮಾನ ಬಂದಾಗ, ಇಟಾಲಿಯನ್‌ನ ಮತ್ತೊಂದು ಕುಗ್ಗಿಸುವ ಪ್ರತ್ಯಯವಾದ 'ಎತ್ತೊ' ಹಚ್ಚಿ ಅದನ್ನು ನೆಉತ್ರೆತ್ತೊ ಎಂದು ಕರೆದರು. ಆ ಹೆಸರು ಬಾಳಲಿಲ್ಲ. 1970ರ ದಶಕದಲ್ಲಿ ಸೂಪರ್‌ಸಿಮ್ಮೆಟ್ರಿ ಎಂಬ ಸಿದ್ಧಾಂತ ಬೆಳೆದಾಗ 'ಇನೊ' ಮಾತ್ರ ಹೊಸ ಕೆಲಸಕ್ಕೆ ಸೇರಿತು. ಆ ಸಿದ್ಧಾಂತದಂತೆ ಬಲವನ್ನು ಹೊರುವ ಪ್ರತಿಯೊಂದು ಕಣಕ್ಕೂ, ಹಿಗ್ಸ್ ಕಣಕ್ಕೂ ಒಂದೊಂದು ಜೊತೆಗಾರ ಕಣವಿರಬೇಕು. ಫೋಟಾನಿಗೆ ಫೋಟಿನೊ, ಗ್ಲುವಾನಿಗೆ ಗ್ಲುಯಿನೊ, ಗ್ರಾವಿಟಾನಿಗೆ ಗ್ರಾವಿಟಿನೊ, ಹಿಗ್ಸ್‌ಗೆ ಹಿಗ್ಸಿನೊ. ಇಲ್ಲಿ 'ಇನೊ' ಎಂದರೆ ಪುಟ್ಟದು ಎಂದಲ್ಲ, ಇಂಥದ್ದರ ಜೊತೆಗಾರ ಎಂದು. ಇವುಗಳಲ್ಲಿ ಹಲವು ತಮ್ಮ ಜೋಡಿಗಿಂತ ಎಷ್ಟೋ ಪಟ್ಟು ಭಾರವಿರಬೇಕೆಂಬುದು ಲೆಕ್ಕ. ನ್ಯೂಟ್ರಲಿನೊ ಎಂಬುದೂ ಆ ಪಟ್ಟಿಯಲ್ಲಿದೆ. ಬಿಡಿಸಿದರೆ ಅದೂ 'ಪುಟ್ಟ ತಟಸ್ಥ'ವೇ. ಆದರೆ ಅದು ಪ್ರೋಟಾನಿಗಿಂತ ನೂರಾರು ಪಟ್ಟು ತೂಗಬಹುದು. ಇವುಗಳಲ್ಲಿ ಒಂದೂ ಇದುವರೆಗೆ ಸಿಕ್ಕಿಲ್ಲ. ಅಮ್ಮಂದಿರು ಮಕ್ಕಳನ್ನು ಕರೆಯುವಾಗ ಬಳಸುವ ಅಕ್ಕರೆಯ ಪ್ರತ್ಯಯವೊಂದು ನಲವತ್ತು ವರ್ಷಗಳಲ್ಲಿ ತನ್ನ ಅರ್ಥವನ್ನು ಬಿಟ್ಟುಕೊಟ್ಟು ಶುದ್ಧ ಪಾರಿಭಾಷಿಕ ಗುರುತಾದ ಬಗೆ ಹೀಗೆ.

ಈ ಕಣಕ್ಕೂ ಕರ್ನಾಟಕಕ್ಕೂ ನೇರವಾದ ನಂಟಿದೆ. 1965ರಲ್ಲಿ ಕೋಲಾರ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಹಿಡಿದರು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲಿ ರೈನ್ಸ್ ತಂಡ ಅದೇ ಹೊತ್ತಿಗೆ ಇದೇ ಕೆಲಸ ಮಾಡುತ್ತಿತ್ತು; ಕೋಲಾರದ ಫಲಿತಾಂಶ ಆ ವರ್ಷದ ಆಗಸ್ಟ್‌ನಲ್ಲಿ ಕೆಲವೇ ದಿನ ಮೊದಲು ಅಚ್ಚಾಯಿತು. ಭಾರತದ ತಂಡದಲ್ಲಿ ಎಂ. ಜಿ. ಕೆ. ಮೆನನ್ ಅವರ ಜೊತೆಗೆ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಇದ್ದರು. ಅಷ್ಟು ಆಳದ ಬಂಡೆಯನ್ನು ದಾಟಿ ಮೇಲಿನಿಂದ ಬೇರೆ ಕಣಗಳು ಬರುವುದು ತೀರಾ ಅಪರೂಪ, ಅಡ್ಡಡ್ಡಲಾಗಿ ಅಂತೂ ಬರಲಾರವು. ಆದ್ದರಿಂದ ಗಣಿಯ ಸುರಂಗದಲ್ಲಿ ಗೋಡೆಯಂತೆ ನಿಲ್ಲಿಸಿದ ಉಪಕರಣಗಳನ್ನು ಅಡ್ಡಡ್ಡಲಾಗಿ ಹಾಯ್ದ ಕಣವೊಂದು ಕಂಡರೆ, ಅದು ಸುತ್ತಲಿನ ಬಂಡೆಗೆ ನ್ಯೂಟ್ರಿನೊ ಬಡಿದು ಹುಟ್ಟಿದ್ದೆಂದು ಹೇಳಬಹುದಿತ್ತು.

ಕನ್ನಡದಲ್ಲಿ ನಾವು ಈ ಪದವನ್ನು ಇಂಗ್ಲಿಷ್ ಉಚ್ಚಾರಣೆಯ ಮೇಲೆ ನ್ಯೂಟ್ರಿನೊ ಎಂದು ಬರೆಯುತ್ತೇವೆ. ಬಹುವಚನಕ್ಕೆ ಇಟಾಲಿಯನ್ನರು ನೆಉತ್ರೀನಿ ಎಂದರೆ ನಾವು ನ್ಯೂಟ್ರಿನೊಗಳು ಎನ್ನುತ್ತೇವೆ. ಇದನ್ನು ಬದಲಿಸಬೇಕಾಗಿಲ್ಲ. ಆದರೆ ತರಗತಿಯಲ್ಲಿ ಈ ಕಣವನ್ನು ಮೊದಲ ಸಲ ಪರಿಚಯಿಸುವ ಅಧ್ಯಾಪಕರು ಕಪ್ಪುಹಲಗೆಯ ಮೇಲೆ ನೆಉತ್ರೋನೆ, ನೆಉತ್ರೀನೊ ಎಂದು ಎರಡನ್ನೂ ಅಕ್ಕಪಕ್ಕದಲ್ಲಿ ಬರೆದು, ಕೆಳಗೆ ಹೆಬ್ಬೆರಳು, ಕಿರುಬೆರಳು ಎಂದು ಬರೆದರೆ, ಎರಡು ಕಣಗಳಲ್ಲಿ ಯಾವುದು ಯಾವುದೆಂದು ಮಕ್ಕಳು ಮತ್ತೆ ಕೇಳಬೇಕಾಗುವುದಿಲ್ಲ.